ಫೋನ್ ಎತ್ತುವವರು

ನಮ್ಮ ಕಚೇರಿಯ ಬಿಳಿ ಬೋರ್ಡಿನ ಎಡಮೂಲೆಯಲ್ಲಿ ನಾಲ್ಕು ಸಾಲುಗಳಿವೆ. ಒರೆಸಿದರೆ ಹೋಗುವುದಿಲ್ಲ. ಸ್ಪಿರಿಟ್ ಹಾಕಿ ತಿಕ್ಕಿದ್ದೇನೆ, ಉಗುರುಬಣ್ಣ ತೆಗೆಯುವ ನೀರು ಹಾಕಿ ತಿಕ್ಕಿದ್ದೇನೆ, ಒಂದು ದಿನ ಸಿಟ್ಟು ಬಂದು ಪಾತ್ರೆ ತಿಕ್ಕುವ ನಾರಿನಿಂದಲೂ ಉಜ್ಜಿದ್ದೇನೆ. ಬೋರ್ಡಿನ ಹೊಳಪು ಹೋಯಿತೇ ಹೊರತು ಅಕ್ಷರ ಹೋಗಲಿಲ್ಲ. ಬರೆದವರು ಒರೆಸುವ ಪೆನ್ನು ಎಂದುಕೊಂಡು ಪಾರ್ಸೆಲ್ ಡಬ್ಬಿಯ ಮೇಲೆ ವಿಳಾಸ ಬರೆಯುವ ಮಾರ್ಕರ್ ಎತ್ತಿಕೊಂಡಿದ್ದರು. ನಮ್ಮ ಕಚೇರಿ ಇರುವುದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಒಂದು ಕನ್ನಡಕದ ಅಂಗಡಿಯ ಮೇಲೆ. ಆದರೂ ಆ ಮನುಷ್ಯ ಕೊನೆತನಕ ಕನ್ನಡಕ ಮಾಡಿಸಿಕೊಳ್ಳಲಿಲ್ಲ.

ಅವರು ನಮ್ಮ ಮೇಷ್ಟ್ರು. ಇಪ್ಪತ್ತು ವರ್ಷದ ಹಿಂದೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನನಗೂ, ಈಗ ನನ್ನ ಪಾಲುದಾರನಾಗಿರುವ ಗೆಳೆಯನಿಗೂ ಪ್ರೋಗ್ರಾಂ ಬರೆಯುವುದನ್ನು ಕಲಿಸಿದವರು. ಆ ಕೇಂದ್ರ ಮುಚ್ಚಿದ ಮೇಲೆ ನಾವಿಬ್ಬರು ಸೇರಿ ಈ ಕಚೇರಿ ತೆರೆದೆವು. "ನಂಗೂ ಒಂದು ಕುರ್ಚಿ ಹಾಕ್ರಪ್ಪ" ಎಂದು ಒಂದು ಸೋಮವಾರ ಬಂದು ಕೂತರು, ಮತ್ತೆ ಏಳಲಿಲ್ಲ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹತ್ತಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು. ನಾಲ್ಕಕ್ಕೆ ಖಾರ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುವುದೂ ಅವರೇ. ಎಣ್ಣೆಗೈಯಲ್ಲೇ ಕೀಬೋರ್ಡ್ ಮುಟ್ಟುತ್ತಾರೆಂದು ನಾನು ರೇಗುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಊರಿಗೆಲ್ಲ ಗೊತ್ತು. ಅವರು ಮಾತ್ರ ಅದನ್ನು ಕೇಳಿಸಿಕೊಂಡವರಂತೆ ಎಂದೂ ತೋರಿಸಿಕೊಳ್ಳಲಿಲ್ಲ.

ಹರಿಹರದಲ್ಲಿ ರಕ್ತ ಕೊಡುವವರ ಒಂದು ಬಳಗವಿದೆ. ಅದರ ಕೇಂದ್ರ ಒಂದು ಔಷಧಿ ಅಂಗಡಿ. ಯಾರಿಗಾದರೂ ರಕ್ತ ಬೇಕೆಂದರೆ ಅಂಗಡಿಯ ಯಜಮಾನರಿಗೆ ಫೋನ್ ಬರುತ್ತದೆ. ಅವರು ಕಂಪ್ಯೂಟರಿನಲ್ಲಿ ರಕ್ತದ ಗುಂಪು, ಊರು ಹಾಕಿ ಹುಡುಕುತ್ತಾರೆ, ಬಂದ ಹೆಸರುಗಳಿಗೆ ಒಂದೊಂದಾಗಿ ಫೋನ್ ಮಾಡುತ್ತಾರೆ. ಆ ಹುಡುಕುವ ವೆಬ್‌ಸೈಟನ್ನು ಮಾಡಿಕೊಟ್ಟವರು ಮೇಷ್ಟ್ರು. ನೋಡಲು ಅಂಥ ಚೆಂದವೇನಲ್ಲ. ಹಸಿರು ಪಟ್ಟಿ, ಬೂದು ಗುಂಡಿಗಳು, ಮೊಬೈಲಿನಲ್ಲಿ ತೆರೆದರೆ ಇರುವೆ ಸಾಲಿನಂಥ ಅಕ್ಷರ. ಬಳಗಕ್ಕೆ ಹೊಸದಾಗಿ ಸೇರಿದವರು, ಇದನ್ನು ದಾವಣಗೆರೆಗೂ ಹರಡಬೇಕು, ಯಾರು ಬೇಕಾದರೂ ತಮ್ಮ ಫೋನಿನಲ್ಲೇ ಹುಡುಕುವಂತಿರಬೇಕು, ಎಲ್ಲ ಹೊಸದಾಗಿ ಕಟ್ಟಿಕೊಡಿ ಎಂದರು. ಆ ಕೆಲಸವನ್ನು ನಾನು ಒಪ್ಪಿಕೊಂಡೆ.

ವೆಬ್ ಅಪ್ಲಿಕೇಶನ್ ಕಟ್ಟುವ ಮುಂಚೆ ಅದನ್ನು ಯಾವ ಸಾಮಾನಿನಿಂದ ಕಟ್ಟುವುದೆಂದು ಆರಿಸಬೇಕು. ಜನರ ಕಣ್ಣಿಗೆ ಕಾಣುವ ಪುಟಕ್ಕೆ ಒಂದು ಸಾಮಾನು, ಅದರ ಬೆನ್ನ ಹಿಂದೆ ಕೆಲಸ ಮಾಡಲು ಒಂದು ಭಾಷೆ, ಅದರ ಕೆಳಗೆ ಮಾಹಿತಿ ಇಡುವ ಕೋಠಿ. ಒಂದರ ಮೇಲೊಂದು ಕೂರುವುದರಿಂದ ನಾವು ಅದನ್ನು ಸ್ಟ್ಯಾಕ್ ಎನ್ನುತ್ತೇವೆ. ಒಮ್ಮೆ ಆರಿಸಿದರೆ ಹತ್ತು ವರ್ಷ ಅದರ ಜೊತೆ ಏಗಬೇಕು. ಹೆಣ್ಣು ಗಂಡು ನೋಡುವುದಕ್ಕಿಂತ ಹೆಚ್ಚು ಜಗಳ ನಮ್ಮಲ್ಲಿ ಇದರ ಮೇಲೆ ಆಗುತ್ತದೆ. ನಾನು ಪುಟಕ್ಕೆ ರಿಯಾಕ್ಟ್ ಎಂದೆ, ಹಿಂದಿನ ಕೆಲಸಕ್ಕೆ ನೋಡ್ ಎಂದೆ, ಕೋಠಿಗೆ ಕ್ಲೌಡ್ ಎಂದೆ, ಒಟಿಪಿ ಕಳಿಸಿ ಒಳಗೆ ಬಿಡುವ ತಯಾರು ಲಾಗಿನ್ ಸೇವೆಯೊಂದು ಸಿಗುತ್ತದೆ, ಅದನ್ನೂ ಹಾಕೋಣ, ಎರಡು ತಿಂಗಳ ಕೆಲಸ ಉಳಿಯುತ್ತದೆ ಎಂದೆ. ಮೇಷ್ಟ್ರು ಎದ್ದು ಹೋಗಿ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರು. ಮೇಲಿನದು, ಸಾದಾ ಪುಟ. ಅದರ ಕೆಳಗೆ, ಪಿಎಚ್‌ಪಿ. ಅದರ ಕೆಳಗೆ, ಮೈಎಸ್‌ಕ್ಯುಎಲ್. ಎಲ್ಲಕ್ಕಿಂತ ಕೆಳಗೆ, ಫೋನ್ ಎತ್ತುವವರು.

"ಕೊನೇದೇನ್ರಿ ಮೇಷ್ಟ್ರೇ, ಅದೂ ಒಂದು ಟೆಕ್ನಾಲಜಿನಾ?" ಎಂದು ನಕ್ಕೆ.

"ಎಲ್ಲದಕ್ಕಿಂತ ಹಳೇದು ಅದೇ. ಅದು ಕೆಡದಂಗೆ ಮೊದ್ಲು ನೋಡ್ಕ. ಮೇಲಿಂದು ಏನಾರ ಹಾಕ್ಕ ಹೋಗು," ಎಂದರು.

ಆಗ ನಾನು ಒಂದು ಮಾತು ಅಂದೆ. ಬೇಕೆಂದು ಅಂದದ್ದಲ್ಲ, ಆದರೆ ಅಂದೆ. "ನೀವಿರೋ ತನಕ ನಿಮ್ಮ ಪಿಎಚ್‌ಪಿ ನಡೀತೈತೆ ಮೇಷ್ಟ್ರೇ. ಆಮೇಲೆ ಯಾರ್ರೀ ನೋಡೋರು?"

ಪಾಲುದಾರ ತಲೆ ಬಗ್ಗಿಸಿದ. ಮೇಷ್ಟ್ರು ಮಾರ್ಕರಿಗೆ ಮುಚ್ಚಳ ಹಾಕಿ, "ಅದೂ ಖರೇನೇ ಬಿಡವ್ವ" ಎಂದು ನಕ್ಕು, ನಾಲ್ಕು ಗಂಟೆಯಾಯಿತೆಂದು ಮಂಡಕ್ಕಿ ತರಲು ಇಳಿದು ಹೋದರು.

ಮೂರು ವಾರಕ್ಕೆ ಅವರು ಹೋದರು. ಬೆಳಿಗ್ಗೆ ಎದ್ದು ಮುಖ ತೊಳೆದು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ಅವರ ಸ್ವಂತ ಊರು ಕೊಂಡಜ್ಜಿ. ಅಲ್ಲಿಯ ಹೊಲದಲ್ಲಿ ಕೂರಿಸಿ ಮಣ್ಣು ಮಾಡಿದರು. ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದಾಗ ಥೇಟ್ ತರಗತಿಯಲ್ಲಿ ಯಾರೋ ಉತ್ತರ ಹೇಳಲೆಂದು ಕಾಯುತ್ತಿರುವಂತೆ ಕಂಡರು. ನನಗೆ ಅಳು ಬರಲಿಲ್ಲ. ನನ್ನ ಮಾತೇ ಕಿವಿಯಲ್ಲಿ ಕೂತಿತ್ತು.

ಆಮೇಲೆ ಆರಿಸುವುದು ಬಹಳ ಸುಲಭವಾಯಿತು. ಹೇಳೋರಿಲ್ಲ, ಕೇಳೋರಿಲ್ಲ. ಒಂದೇ ಮಧ್ಯಾಹ್ನದಲ್ಲಿ ಎಲ್ಲ ನಾನು ಅಂದುಕೊಂಡಂತೆಯೇ ಆಯಿತು. ಪಾಲುದಾರ ಮಾತ್ರ, "ಆ ತಯಾರು ಲಾಗಿನ್ ಒಂದ್ಸಲ ಯೋಚ್ನೆ ಮಾಡೋಣ. ಅದರಾಗ ಒಬ್ಬ ಮನುಷ್ಯ, ಒಂದು ನಂಬರ್, ಒಂದು ಖಾತೆ ಅಂತ ಐತೆ. ಇಲ್ಲಿ ಒಂದೇ ನಂಬರಿಗೆ ಮೂರು ಮೂರು ಹೆಸರದಾವೆ," ಎಂದ. ನಾನು, ಹಳೆಯ ಕಸ ಅದು, ತೊಳೆದು ಹಾಕಿದರಾಯಿತು ಎಂದೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ಒಗೆಯಲು ಕೂತೆ.

ಹಳೆಯ ಪ್ರೋಗ್ರಾಮನ್ನು ತೆರೆದಾಗ ಮೇಷ್ಟ್ರು ಎದುರು ಕೂತಂತಾಯಿತು. ಅವರಿಗೆ ಸಾಲುಗಳ ನಡುವೆ ಟಿಪ್ಪಣಿ ಬರೆಯುವ ಚಟ. "ಇಲ್ಲಿ ಕೈ ಹಾಕಬ್ಯಾಡ." "ಇದು ಯಾಕ ಹಿಂಗೈತೆ ಅಂತ ನಂಗೂ ಗೊತ್ತಿಲ್ಲ, ತಗದ್ರೆ ಕೆಡ್ತೈತೆ." "ಇದನ್ನ ಬರೆದ ದಿನ ಜ್ವರ ಇತ್ತು." ನಾನು ಓದುತ್ತ ನಗುತ್ತಿದ್ದೆ, ನಗುತ್ತ ನಗುತ್ತ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ. ಹುಡುಕುವ ಭಾಗದ ತಲೆಯ ಮೇಲೆ ಒಂದೇ ಸಾಲು ಇತ್ತು: "ತೀರ್ಕಂಡೋರ್ನ ಅಳಿಸಬ್ಯಾಡ." ಯಾಕೆ ಎಂದು ಬರೆದಿರಲಿಲ್ಲ. ಮೇಷ್ಟ್ರ ಸೋಮಾರಿತನಕ್ಕೆ ಇನ್ನೊಂದು ಸಾಕ್ಷಿ ಎಂದುಕೊಂಡೆ.

ನಮ್ಮ ಕಡೆ ಲಿಂಗಾಯತರಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರಿನ ಮುಂದೆ ಲಿಂ. ಎಂದು ಹಾಕುತ್ತಾರೆ, ಲಿಂಗೈಕ್ಯರಾದರು ಎಂದರ್ಥ. ಉಳಿದವರು ದಿ. ಎಂದು ಹಾಕುತ್ತಾರೆ. ಮದುವೆ ಪತ್ರಿಕೆಯಿಂದ ಅಂಗಡಿಯ ಬೋರ್ಡಿನತನಕ ಎಲ್ಲ ಕಡೆ ಅದು ಇರುತ್ತದೆ. ಔಷಧಿ ಅಂಗಡಿಯ ಯಜಮಾನರೂ ಹಾಗೇ ಮಾಡಿದ್ದರು. ರಕ್ತ ಕೊಡುತ್ತಿದ್ದವರು ಸತ್ತ ಸುದ್ದಿ ಬಂದಾಗ ಹೆಸರಿನ ಮುಂದೆ ಲಿಂ. ಅಂತಲೋ ದಿ. ಅಂತಲೋ ಹೊಡೆದು ಸುಮ್ಮನಾಗಿದ್ದರು. ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ಇಟ್ಟಾಗ ಅವರೆಲ್ಲ ಎರಡು ಗುಂಪಾಗಿ ಬಂದು ನಿಂತರು, ಪರದೆ ಉರುಳಿಸಿದಷ್ಟೂ ಅವರೇ. ಹೊಸ ಲಾಗಿನ್ ಸೇವೆಗೆ ಇವರಿಂದ ಏನೂ ಉಪಯೋಗವಿಲ್ಲ. ಸತ್ತವರು ಒಟಿಪಿ ಹಾಕುವುದಿಲ್ಲ. ಹೆಸರು ಲಿಂ. ಅಥವಾ ದಿ. ಎಂದು ಶುರುವಾದರೆ ಬಿಟ್ಟು ಮುಂದೆ ಹೋಗು ಎಂದು ಒಂದು ಸಾಲು ಬರೆದೆ. ಚಾಲೂ ಮಾಡಿದೆ. ಒಂದು ಗುಟುಕು ಟೀ ಕುಡಿಯುವಷ್ಟರಲ್ಲಿ ಮುಗಿಯಿತು. ಆ ಹೆಸರುಗಳನ್ನು ನಾನು ಓದಲಿಲ್ಲ.

ಹೊಸ ಅಪ್ಲಿಕೇಶನ್ ಉದ್ಘಾಟನೆ ಹರಿಹರದಲ್ಲಿ, ಅದೇ ಅಂಗಡಿಯ ಮುಂದೆ ನಡೆಯಿತು. ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಎಲ್ಲರಿಗೂ ಪೇಢಾ ಹಂಚಿದರು. ಯಜಮಾನರು ನನ್ನ ಪಕ್ಕ ನಿಂತು ತಮ್ಮ ಫೋನಿನಲ್ಲಿ ಬಹಳ ಹೊತ್ತು ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಮೇಡಂ, ಇದ್ರಾಗ ಲಿಂಗೈಕ್ಯರು ಕಾಣಂಗಿಲ್ಲಲ್ರಿ?"

"ಸತ್ತೋರ ರಕ್ತ ತಗಂಡು ಏನ್ ಮಾಡ್ತೀರಿ ಯಜಮಾನ್ರೇ?" ಎಂದೆ.

ಸುತ್ತ ನಿಂತವರೆಲ್ಲ ನಕ್ಕರು. ಅವರೂ ನಕ್ಕರು, ಫೋನನ್ನು ಜೇಬಿಗೆ ಹಾಕಿಕೊಂಡರು. ಆ ನಗು ಈಗಲೂ ನನಗೆ ಕೇಳುತ್ತದೆ, ಅದರಲ್ಲಿ ನನ್ನದೇ ಎಲ್ಲಕ್ಕಿಂತ ಜೋರು.

ಹಳೆಯ ವೆಬ್‌ಸೈಟನ್ನು ಕೂಡಲೇ ನಿಲ್ಲಿಸಿರಲಿಲ್ಲ. ಹೊಸದರಲ್ಲಿ ಏನಾದರೂ ಎಡವಟ್ಟಾದರೆ ಇರಲಿ ಎಂದು ಕೆಲವು ವಾರ ಬಿಟ್ಟಿದ್ದೆವು. ಅದರೊಳಗೆ ಯಾರು ಯಾವಾಗ ಬಂದರು, ಏನು ಹುಡುಕಿದರು ಎಂಬ ದಾಖಲೆ ಉಳಿಯುತ್ತದೆ. ಒಂದು ದಿನ ಹತ್ತು ಗಂಟೆಗೆ ಸುಮ್ಮನೆ ಅದನ್ನು ತೆರೆದೆ. ಮೊದಲ ಸಾಲಿನಲ್ಲೇ ಮೇಷ್ಟ್ರ ಲಾಗಿನ್ ಇತ್ತು. ಅವರು ತಮಗಾಗಿ ಮಾಡಿಕೊಂಡಿದ್ದ ಹೆಸರು, ಬರೀ 'ಮೇಷ್ಟ್ರು'. ಆಗ ತಾನೇ ಒಳಗೆ ಬಂದಿದ್ದರು.

ಹಿಂದಿನ ದಿನಗಳನ್ನು ನೋಡಿದೆ. ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಬಂದಿದ್ದಾರೆ. ಕೆಲವು ದಿನ ಬಂದು ಸುಮ್ಮನೆ ಹೋಗಿದ್ದಾರೆ, ಕೆಲವು ದಿನ ಹುಡುಕಿದ್ದಾರೆ. ಓ ನೆಗೆಟಿವ್, ದಾವಣಗೆರೆ. ಎಬಿ ನೆಗೆಟಿವ್, ಹರಿಹರ. ಮತ್ತೆ ಓ ನೆಗೆಟಿವ್. ಮಾರನೆಯ ದಿನ ಹತ್ತಕ್ಕೆ ಮೆಟ್ಟಿಲ ಕಡೆ ಕಿವಿ ಇಟ್ಟುಕೊಂಡು ಕೂತೆ. ಸದ್ದೇನೂ ಬರಲಿಲ್ಲ. ಪರದೆಯ ಮೇಲೆ ಮಾತ್ರ ಅವರ ಹೆಸರು ಬಂತು. ಅಂದಿನಿಂದ ನಾನು ಅವರ ಕುರ್ಚಿಯ ಕಡೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ.

"ಯಾರೋ ಪಾಸ್‌ವರ್ಡ್ ಕದ್ದಿರ್ಬೇಕು," ಎಂದ ಪಾಲುದಾರ. "ಹರಿಹರಕ್ಕೆ ಒಂದು ಫೋನ್ ಮಾಡಿ ಕೇಳು."

ಕೇಳಬಹುದಿತ್ತು. ಒಂದು ಫೋನಿನ ಕೆಲಸ. ಆದರೆ ಏನೆಂದು ಕೇಳಲಿ? ನಮ್ಮ ಮೇಷ್ಟ್ರು ದಿನಾ ಬರುತ್ತಿದ್ದಾರೆ, ನಿಮಗೇನಾದರೂ ಗೊತ್ತೇ ಎಂದೇ? ನನಗೆ ಹೆದರಿಕೆಯಾಗಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿತ್ತು, ಎರಡೂ ಸೇರಿ ಎಂದಿನಂತೆ ಸಿಟ್ಟಾಯಿತು. ಭದ್ರತೆಯ ಸಮಸ್ಯೆ ಎಂದು ಹೆಸರಿಟ್ಟು ಹಳೆಯ ಸರ್ವರನ್ನು ನಿಲ್ಲಿಸಿಬಿಟ್ಟೆ. ಮಾರನೆಯ ದಿನ ಹತ್ತಕ್ಕೆ ನೋಡಲು ಏನೂ ಇರಲಿಲ್ಲ. ನೆಮ್ಮದಿಯಾಗಬೇಕಿತ್ತು. ಯಾರೋ ಬಾಗಿಲು ತಟ್ಟುತ್ತಿದ್ದಾಗ ಒಳಗಿನಿಂದ ಚಿಲಕ ಹಾಕಿ ಕೂತ ಹಾಗಿತ್ತು.

ನಾಲ್ಕು ತಿಂಗಳು ಕಳೆಯಿತು. ಹೊಸ ಅಪ್ಲಿಕೇಶನ್ ಚೆನ್ನಾಗಿ ನಡೆಯುತ್ತಿತ್ತು, ಹಾಗಂತ ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಔಷಧಿ ಅಂಗಡಿ ಯಜಮಾನರ ಫೋನ್ ಬಂತು. ದನಿ ಏದುಸಿರಿನಲ್ಲಿತ್ತು.

"ಮೇಡಂ, ಶಾಮನೂರು ಕಡೆ ಹೆಣ್ಮಗಳು. ಹೆರಿಗೆ ಆಗೈತೆ, ರಕ್ತ ನಿಲ್ಲವಲ್ದು. ಓ ನೆಗೆಟಿವ್ ಬೇಕು. ನಿಮ್ಮ ಹೊಸದ್ರಾಗ ಎರಡೇ ಹೆಸರು ತೋರಿಸ್ತೈತೆ. ಒಬ್ರು ಹೋದ ತಿಂಗ್ಳು ಕೊಟ್ಟಾರೆ, ಇನ್ನೊಬ್ರು ಊರಾಗಿಲ್ಲ. ಬ್ಲಡ್ ಬ್ಯಾಂಕಿನಾಗೂ ಮುಗ್ದೈತೆ. ಹಳೇದು ಒಂದ್ಸಲ ಚಾಲೂ ಮಾಡ್ರಿ, ಕೈ ಮುಗೀತೀನಿ."

"ಹಳೇದ್ರಾಗ ಏನೈತ್ರಿ? ಇದ್ದೋರ್ನೆಲ್ಲ ಹೊಸದಕ್ಕೆ ಹಾಕೀವಲ್ಲ?"

"ಲಿಂಗೈಕ್ಯರು ಬೇಕ್ರಿ ಮೇಡಂ. ಬೇಗ ಮಾಡ್ರಿ, ಆಮೇಲೆ ಹೇಳ್ತೀನಿ."

ಸರ್ವರ್ ಅಳಿಸಿರಲಿಲ್ಲ, ನಿಲ್ಲಿಸಿದ್ದೆ ಅಷ್ಟೇ. ಅದು ಏಳಲು ತೆಗೆದುಕೊಂಡ ಎರಡು ನಿಮಿಷವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಹಸಿರು ಪಟ್ಟಿ ಬಂತು. ಓ ನೆಗೆಟಿವ್ ಎಂದು ಹುಡುಕಿದೆ. ಆ ಇಬ್ಬರ ಕೆಳಗೆ ಲಿಂ. ಮತ್ತು ದಿ. ಹಾಕಿದ ಒಂಬತ್ತು ಹೆಸರು. "ಇದ್ರಾಗಿನ ನಂಬರಿಗೆಲ್ಲ ಫೋನ್ ಹೊಡೀಬೇಕ್ರಿ," ಎಂದರು ಯಜಮಾನರು. "ನಾ ಮೇಲಿಂದ ಬರ್ತೀನಿ, ನೀವು ಕೆಳಗಿಂದ ಬರ್ರಿ."

ಎಲ್ಲಕ್ಕಿಂತ ಕೆಳಗೆ, ಕೊನೆಗೆ ಸೇರಿಸಿದ್ದು, ಲಿಂ. ಎಂದು ಶುರುವಾಗಿ ನಮ್ಮ ಮೇಷ್ಟ್ರ ಹೆಸರಿತ್ತು.

ಅವರ ರಕ್ತ ಯಾವ ಗುಂಪಿನದು ಎಂದು ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ನಂಬರ್ ಒತ್ತಿದೆ. ನನ್ನ ಫೋನಿನ ಪರದೆಯ ತುಂಬ ಅವರ ಮುಖ ಬಂತು. ಮಂಡಕ್ಕಿ ಪೊಟ್ಟಣ ಹಿಡಿದು ನಗುತ್ತಿರುವ ಪಟ, ನಾನೇ ತೆಗೆದದ್ದು. ಕೆಳಗೆ, ಮೇಷ್ಟ್ರು, ಕರೆ ಹೋಗುತ್ತಿದೆ. ಮೊದಲ ರಿಂಗಿಗೇ ಯಾರೋ ಎತ್ತಿದರು.

"ಹಲೋ, ಅವರು ಇಲ್ರಿ," ಎಂದಿತು ಹೆಣ್ಣು ದನಿ, ನನ್ನ ಮಾತಿಗೂ ಕಾಯದೆ. "ರಕ್ತಕ್ಕೇನ್ರಿ? ಯಾವ ಆಸ್ಪತ್ರೆ ಹೇಳ್ರಿ. ನಮ್ಮ ಮೈದ್ನಂದೂ ಅದೇ ರಕ್ತ, ಕೊಂಡಜ್ಜಿಯಾಗದಾನೆ. ಗಾಡಿ ತಗಂಡು ಬರ್ತಾನೆ."

ಮೇಷ್ಟ್ರ ಹೆಂಡತಿ. ನಾನು ಯಜಮಾನರು ತಿಳಿಸಿದ್ದ ಆಸ್ಪತ್ರೆಯ ಹೆಸರು ಹೇಳಿದೆ, ಎಷ್ಟನೇ ಮಹಡಿ ಎಂದು ಹೇಳಿದೆ. ನಾನು ಯಾರೆಂದು ಹೇಳಲಿಲ್ಲ.

ಆ ಒಂಬತ್ತರಲ್ಲಿ ಆರು ನಂಬರಿನವರು ಎತ್ತಿದರು. ಮೂರು ಮನೆಗಳಿಂದ ಜನ ಹೊರಟರು. ಕೊಂಡಜ್ಜಿಯಿಂದ ಮೇಷ್ಟ್ರ ತಮ್ಮ ಹೊಲದ ಕೆಸರು ಮೆತ್ತಿದ ಕಾಲಲ್ಲೇ ಬಂದಿದ್ದರಂತೆ. ಹರಿಹರದಿಂದ ಒಬ್ಬಳು ಬಂದಳು, ಪಟ್ಟಿಯಲ್ಲಿದ್ದ ಇನ್ನೊಬ್ಬರ ಮೊಮ್ಮಗಳು. ಹೆರಿಗೆಯಾದ ಹೆಣ್ಮಗಳು ಉಳಿದಳು ಎಂದು ಮೂರನೆಯ ದಿನ ಯಜಮಾನರು ಹೇಳಿದರು. ಆಗ ನಾನು ಕೇಳಿದೆ, ಇದೆಲ್ಲ ಏನು ಯಜಮಾನರೇ ಎಂದು.

"ಮೇಷ್ಟ್ರು ಕಂಡು ಹಿಡಿದಿದ್ರಿ," ಎಂದರು. "ನೆಗೆಟಿವ್ ರಕ್ತ ಮನೆತನದಾಗ ಬರ್ತೈತೆ. ಒಬ್ರಿಗಿತ್ತು ಅಂದ್ರೆ ಅಣ್ಣಂಗೋ ತಂಗಿಗೋ ಮಗಂಗೋ ಇರೋದು ಜಾಸ್ತಿ ಅಂತಿದ್ರು. ಮನುಷ್ಯ ಹೋದ್ರೂ ಫೋನ್ ಮನೆಯಾಗ ಇರ್ತೈತೆ. ಯಾರಾರ ಎತ್ತೇ ಎತ್ತುತಾರೆ. ಅವರು ಕೊಡ್ತಿದ್ರು, ಅವರ ಹೆಸರಿನ ಮ್ಯಾಲೆ ನಾವು ಬರ್ತೀವಿ ಅಂತ ಬರ್ತಾರೆ. ಇಲ್ಲ ಅಂದೋರು ಕಡಿಮಿ. ಅದಕ್ಕೇ ನಾ ದಿನಾ ಅಂಗಡಿ ಬಾಗ್ಲು ತಗದ ತಕ್ಷಣ ಹಳೇದನ್ನ ತೆರದು ಇಟ್ಕಂತಿದ್ದೆ. ಮೇಷ್ಟ್ರದ್ದೇ ಲಾಗಿನ್, ಅವರೇ ಹಾಕ್ಕೊಟ್ಟಿದ್ದು."

ಅಂದರೆ ದಿನಾ ಹತ್ತಕ್ಕೆ ಬರುತ್ತಿದ್ದವರು ಇವರು.

"ನಿಲ್ಲಿಸಿದಾಗ ಯಾಕ ಹೇಳ್ಲಿಲ್ರಿ?" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ಅವತ್ತು ಕೇಳಿದ್ನಲ್ರಿ ಮೇಡಂ. ನೀವು ನಕ್ರಿ. ಓದಿದೋರು, ಏನೋ ಯೋಚ್ನೆ ಮಾಡಿರ್ತಾರೆ ಬಿಡು ಅನ್ಕಂಡೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದು ಸಂಜೆ ಹೊಸ ಅಪ್ಲಿಕೇಶನ್ನಿನ ದಾಖಲೆ ತೆರೆದೆ. ಹುಡುಕಿದವರಿಗೆ ಯಾರೂ ಸಿಗದಿದ್ದರೆ ಒಂದು ಸಾಲು ತೋರಿಸುವಂತೆ ನಾನೇ ಬರೆದಿದ್ದೆ: "ಕ್ಷಮಿಸಿ, ಸದ್ಯಕ್ಕೆ ಯಾರೂ ಲಭ್ಯವಿಲ್ಲ." ಪಕ್ಕದಲ್ಲಿ ಒಂದು ಬೂದು ಬಣ್ಣದ ಹೃದಯ. ಅದು ಎಷ್ಟು ಸಲ ತೋರಿಸಿದೆ ಎಂದು ನೋಡಿದೆ. ಹಳೆಯದು ನಿಂತ ಮೇಲಿನ ನಾಲ್ಕು ತಿಂಗಳಲ್ಲಿ ಹನ್ನೊಂದು ಸಲ. ಗುಂಪು, ಊರು, ದಿನ, ಹೊತ್ತು. ಅಷ್ಟೇ ಇದೆ. ಹುಡುಕಿದವರ ಹೆಸರು, ನಂಬರ್ ಉಳಿಸಬಾರದು, ಅದು ಅವರ ಖಾಸಗಿ ವಿಷಯ ಎಂದು ಹೆಮ್ಮೆಯಿಂದ ತೀರ್ಮಾನಿಸಿದವಳೂ ನಾನೇ. ಒಬ್ಬರು ಒಂದೇ ದಿನ ಮೂರು ಸಲ ಹುಡುಕಿದಂತಿದೆ. ಬೆಳಿಗ್ಗೆ ಎಂಟೂವರೆಗೆ, ಒಂಬತ್ತಕ್ಕೆ, ಒಂಬತ್ತೂ ಐದಕ್ಕೆ. ಆಮೇಲೆ ಹುಡುಕಿಲ್ಲ.

ಯಜಮಾನರನ್ನು ಕೇಳಿದೆ. ಇಬ್ಬರಿಗೆ ಬೇರೆ ಕಡೆಯಿಂದ ಸಿಕ್ಕಿತೆಂದು ಅವರಿಗೆ ಗೊತ್ತಿತ್ತು. ಕೆಲವರ ವಿಷಯ ಗೊತ್ತಿರಲಿಲ್ಲ. ಒಂಬತ್ತೂ ಐದರ ದಿನ ಯಾವುದೆಂದು ಹೇಳಿದಾಗ ಮಾತ್ರ, "ಬಿಡ್ರಿ ಮೇಡಂ" ಎಂದರು. ನಾನು ಬಿಟ್ಟೆ. ಇಂದಿಗೂ ಕೇಳಿಲ್ಲ. ಕೇಳುವ ಧೈರ್ಯವಿಲ್ಲ ಎಂದು ನೇರವಾಗಿ ಬರೆದುಬಿಡುತ್ತೇನೆ.

ಸ್ಟ್ಯಾಕನ್ನು ಮತ್ತೆ ಆರಿಸಬೇಕಾಯಿತು. ನಾನೂ ಪಾಲುದಾರನೂ ಬೋರ್ಡಿನ ಮುಂದೆ ನಿಂತೆವು. ಪಿಎಚ್‌ಪಿ ಒಳ್ಳೆಯದು, ರಿಯಾಕ್ಟ್ ಕೆಟ್ಟದ್ದು ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ರಿಯಾಕ್ಟ್ ಉಳಿಸಿಕೊಂಡೆವು, ನೋಡ್ ಉಳಿಸಿಕೊಂಡೆವು. ತೆಗೆದದ್ದು ಆ ತಯಾರು ಲಾಗಿನ್ ಸೇವೆಯನ್ನು. ಒಬ್ಬ ಮನುಷ್ಯ, ಒಂದು ಖಾತೆ ಎನ್ನುವುದು ಅದರ ಹುಟ್ಟುಗುಣ, ಅದನ್ನು ತಿದ್ದಲಾಗುವುದಿಲ್ಲ. ನಮ್ಮದೇ ಕೋಷ್ಟಕ ಮಾಡಿದೆವು. ಅದರಲ್ಲಿ ಒಂದು ಸಾಲೆಂದರೆ ಒಂದು ಮನೆ. ಮನೆಯ ನಂಬರು, ಅದರ ಕೆಳಗೆ ಇರುವವರು, ಅದರ ಕೆಳಗೆ ಇದ್ದವರು. ಎರಡು ತಿಂಗಳು ಉಳಿಸಿದ್ದೆನಲ್ಲ, ಆ ಎರಡು ತಿಂಗಳು ಈಗ ಹಿಡಿಯಿತು.

ಲಿಂ., ದಿ. ಹೆಸರುಗಳನ್ನು ಮತ್ತೆ ಸೇರಿಸುವ ಮುಂಚೆ ಪ್ರತಿ ಮನೆಗೂ ಕೇಳಬೇಕೆಂದು ಪಾಲುದಾರ ಹೇಳಿದ. ನಾನೇ ಮಾಡುತ್ತೇನೆಂದೆ. ದಿನಕ್ಕೆ ಇಷ್ಟು ಎಂದು ಫೋನ್ ಮಾಡಿದೆ. ಬಹಳ ಜನ, "ಇಟ್ಕಳ್ರಿ, ಇರ್ಲಿ" ಎಂದರು. ಒಬ್ಬರು, "ಫೋನ್ ಬಂದಾಗೆಲ್ಲ ಅಪ್ಪಾಜಿ ಹೆಸರು ಕೇಳಿ ನಮ್ಮವ್ವ ಅಳ್ತಾಳ್ರಿ, ತಗದುಬಿಡ್ರಿ" ಎಂದರು. ತೆಗೆದೆ. ಒಂದು ಮನೆಯಲ್ಲಿ ಮಾತ್ರ ಫೋನಿನಲ್ಲಿ ಕೇಳಲು ಮನಸ್ಸು ಬರಲಿಲ್ಲ. ಹರಿಹರದ ಬಸ್ಸು ಹತ್ತಿದೆ.

ಮೇಷ್ಟ್ರ ಹೆಂಡತಿ ಟೀ ಮಾಡಿಕೊಟ್ಟರು. ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಮೇಷ್ಟ್ರ ಫೋನು ಇತ್ತು, ಚಾರ್ಜರಿಗೆ ಸಿಕ್ಕಿಸಿ ಇಟ್ಟಿದ್ದರು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವರೇ ಮಾತು ತೆಗೆದರು.

"ದಿನಾ ಚಾರ್ಜ್ ಹಾಕ್ತೀನವ್ವ. ಅವರನ್ನ ಕೇಳ್ಕಂಡು ಫೋನ್ ಬರ್ತಿತ್ತು. ಅದಾರಾ ಅದಾರಾ ಅಂತ ಯಾರಾರ ಕೇಳಿದ್ರೆ, ಇನ್ನೂ ಬೇಕಾದ ಮನುಷ್ಯ ಅನ್ಸ್ತಿತ್ತು. ನಡುವೆ ನಾಕು ತಿಂಗ್ಳು ಸುಮ್ನಾಗಿಬಿಡ್ತು. ಕೆಟ್ಟೈತೇನೋ ಅಂತ ಅಂಗಡಿಗೂ ತಗಂಡು ಹೋಗಿ ತೋರಿಸಿದೆ. ಚೆನ್ನಾಗೈತೆ ಅಂದ. ಜನ ಮರೆತ್ರು ಅನ್ಕಂಡೆ."

"ಜನ ಮರೀಲಿಲ್ಲಮ್ಮ," ಎಂದೆ. "ಹೆಸರು ತಗದಿದ್ದು ನಾನು."

ಬಯ್ಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತು ಆಸ್ಪತ್ರೆ ಹೆಸರು ಹೇಳಿದ್ದೂ ನೀನೇ ಅಲ್ಲೇನು? ದನಿ ಗೊತ್ತಾತು," ಎಂದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಏನೋ ನೆನಪಾದಂತೆ ನಕ್ಕರು. "ಒಂದಿನ ಕಚೇರಿಯಿಂದ ಬಂದೋರು ಒಬ್ರೇ ನಗಾಡ್ತಿದ್ರು. ಏನ್ರಿ ಅಂದೆ. 'ನೀವು ಹೋದ ಮ್ಯಾಲೆ ಯಾರು ನೋಡೋರು ಅಂತ ಕೇಳಿದ್ಲು ಕಣೇ' ಅಂದ್ರು. ನೀವೇನಂದ್ರಿ ಅಂದೆ. 'ಏನನ್ಲಿ? ಅವಳೇ ನೋಡ್ತಾಳೆ. ಅದು ಅವಳಿಗೆ ಇನ್ನಾ ಗೊತ್ತಿಲ್ಲ' ಅಂದ್ರು."

ನಾನು ಅಲ್ಲೇ, ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತೆ. ಮಣ್ಣು ಮಾಡಿದ ದಿನ ಬರದ ಅಳು ಅದು. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟು, "ಹಾಕು ಮತ್ತೆ ಅವರ ಹೆಸರು" ಎಂದರು.

ಹಾಕಿದ್ದೇನೆ. ಹೊಸ ಅಪ್ಲಿಕೇಶನ್ ನಡೆಯುತ್ತಿದೆ. ಯಜಮಾನರಿಗೆ ಬೇರೆ ಲಾಗಿನ್ ಮಾಡಿಕೊಡುತ್ತೇನೆಂದೆ, ಹಳೆಯದೇ ಇರಲಿ ಎಂದರು. ಹಾಗಾಗಿ ಈಗಲೂ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ಒಳಗೆ ಬರುತ್ತಾರೆ. ಯಾರು ಬರುತ್ತಿದ್ದಾರೆಂದು ಗೊತ್ತು. ಗೊತ್ತಿದ್ದೂ ಆ ಹೊತ್ತಿಗೆ ಮೆಟ್ಟಿಲ ಕಡೆ ಒಮ್ಮೆ ನೋಡುತ್ತೇನೆ. ಬೋರ್ಡಿನ ಮೂಲೆಯನ್ನು ಉಜ್ಜುವುದನ್ನು ಬಿಟ್ಟಿದ್ದೇನೆ.

ಆ ಹನ್ನೊಂದು ಹುಡುಕಾಟಗಳನ್ನೂ ಹೊಸ ಕೋಠಿಗೆ ತಂದಿಟ್ಟಿದ್ದೇನೆ. ಅವುಗಳಿಂದ ಯಾರಿಗೂ ಉಪಯೋಗವಿಲ್ಲ. ಮುಂದೆ ನನ್ನ ಜಾಗಕ್ಕೆ ಬರುವವರು ಕಸವೆಂದು ಒಗೆಯಲು ಹೊರಡುತ್ತಾರೆ, ಅದೂ ಗೊತ್ತು. ಅದಕ್ಕೇ ಮೇಲೆ ಒಂದು ಟಿಪ್ಪಣಿ ಬರೆದಿದ್ದೇನೆ, ಮೇಷ್ಟ್ರಂತೆ ಬಿಡದೆ ಕಾರಣವನ್ನೂ ಸೇರಿಸಿ: "ಇವನ್ನು ಅಳಿಸಬ್ಯಾಡ. ಇವರು ಹುಡುಕಿದಾಗ ಫೋನ್ ಎತ್ತುವವರು ಇದ್ದರು. ನಾನು ತೋರಿಸಲಿಲ್ಲ."